ಆ ಐಕ ಉಂಡ್ವಾ?

ಕಾದಂಬರಿಕಾರರು ಯಾರಾದರೂ ತಮ್ಮ ಕೃತಿಯ ಬಗ್ಗೆ ಹೆಮ್ಮೆಪಡುತ್ತಿದ್ದರೆ, ಅವರನ್ನು ಒಂದು ದಿನ ಹನೂರಿಗೆ ಕರೆತಂದು ನಮ್ಮ ದೊಡ್ಡಮ್ಮನ ಎದುರು ಕೂರಿಸಬೇಕು. ಸಂಜೆಯೊಳಗೆ ಬೇರೆ ಉದ್ಯೋಗ ಹುಡುಕುತ್ತಾರೆ.

ದೊಡ್ಡಮ್ಮನಿಗೆ ಕಣ್ಣಿನ ಪೊರೆ ತೆಗೆಸಿದ್ದರು, ಟಿವಿ ನೋಡುವಂತಿರಲಿಲ್ಲ. ನೋಡಿಕೊಳ್ಳಲು ಹೋದ ನಾನು, ನನ್ನ ಮೆಚ್ಚಿನ ಹಳೆಯ ಇಂಗ್ಲಿಷ್ ಕಾದಂಬರಿಯೊಂದನ್ನು ಕನ್ನಡದಲ್ಲಿ ಹೇಳತೊಡಗಿದೆ. ಒಂದೇ ಊರಿನ ಬಡ ಹುಡುಗರು, ಸಿರಿವಂತ ಹುಡುಗರು, ಕಂಡಲ್ಲಿ ಹೊಡೆದಾಟ. ಎದುರಾಳಿಗೂ ನೋವಿರುತ್ತದೆಂದು ಅವರು ಕಲಿಯುವ ಕಥೆ. ಎಂ.ಎ.ಯಲ್ಲಿ ಇದರ ಮೇಲೆ ಸೆಮಿನಾರ್ ಕೊಟ್ಟಿದ್ದೆ. ಅಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ದೊಡ್ಡಮ್ಮ ಎರಡನೇ ಪುಟದಲ್ಲೇ ಕೇಳಿದರು.

"ಆ ಐಕ ಉಂಡ್ವಾ?"

ಐಕ ಎಂದರೆ ಮಕ್ಕಳು; ಒಬ್ಬನೇ ಹುಡುಗನಾದರೆ ಐದ.

"ಪುಸ್ತಕದಲ್ಲಿ ಬರೆದಿಲ್ಲ, ದೊಡ್ಡಮ್ಮ."

"ಬರ್ದಿಲ್ಲ ಅಂದ್ರೆ ಉಣ್ನಿಲ್ವಾ? ಇಂದ್ಕೋಗಿ ನೋಡವ್ವ, ನೀನೇ ಎಲ್ಲೋ ಬುಟ್ಬುಟ್ಟಿದ್ದೀಯ."

ಕೊನೆಗೆ ನಾನೇ ಆ ಹುಡುಗರಿಗೆ ಮುದ್ದೆ, ಉಪ್ಸಾರು ಬಡಿಸಿದೆ. ಇಲ್ಲದಿದ್ದರೆ ಕಥೆ ಮುಂದೆ ಹೋಗುವುದು ಹೇಗೆ?

ಕಣ್ಣು ತೋರಿಸಲು ಕೊಳ್ಳೇಗಾಲಕ್ಕೆ ಹೊರಟಾಗ ದೊಡ್ಡಮ್ಮ ಇಡೀ ಬಸ್ಸಿಗೆ ನಡೆದ ಸುದ್ದಿಯಂತೆ ಕಥೆ ಹಂಚಿದರು. ನಾನು ಕಿಟಕಿಯಾಚೆ ನೋಡುತ್ತ ಕೂತೆ. ಇಳಿಯುವಾಗ ಕಂಡಕ್ಟರ್ ಮೆಲ್ಲಗೆ ಹೇಳಿದ: "ಯಾವ್ದುಕ್ಕೂ ಸ್ಟೇಷನ್‌ಗೆ ಒಂದ್ ಕಂಪ್ಲೇಂಟ್ ಕೊಟ್ಬುಡಿ, ಮೇಡಂ."

ಬಡ ಹುಡುಗರು ದೊಡ್ಡಮ್ಮನ ಪಕ್ಷ. ಸಿರಿವಂತರ ಕಷ್ಟ ಬಂದರೆ, "ಅದ ಬುಟ್ಟು ಮುಂದ್ಕೋಗು." ಇದೇ ಹಟದಲ್ಲಿ, ಗೋಡೆಯಾಚೆ ಒಬ್ಬರೇ ಇರುವ ಓರಗಿತ್ತಿಯನ್ನು, ಅಂದರೆ ನಮ್ಮ ಚಿಕ್ಕಮ್ಮನನ್ನು, ವರ್ಷಗಳಿಂದ ಮಾತಾಡಿಸಿರಲಿಲ್ಲ. ಚಿಕ್ಕಮ್ಮನ ಹಸು ಇವರ ರಾಗಿ ಮೇಯ್ದಿತ್ತಂತೆ. ಹಸು ಸತ್ತುಹೋಗಿದೆ, ಜಗಳ ಗಟ್ಟಿಮುಟ್ಟಾಗಿದೆ. ಆಪರೇಷನ್ ಆದ ದಿನ ಚಿಕ್ಕಮ್ಮ ಬಾಗಿಲವರೆಗೆ ಬಂದು ನಿಂತಿದ್ದರು. "ನಾನು ನೋಡ್ನಿಲ್ಲ ಅಂತ ಏಳು," ಎಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ದೊಡ್ಡಮ್ಮ ನನಗೆ ಅಪ್ಪಣೆ ಮಾಡಿದರು. ಚಿಕ್ಕಮ್ಮ ಹಿಂತಿರುಗಿದರು.

ಕಾದಂಬರಿಯ ಕೊನೆಯಲ್ಲಿ ಸಿರಿವಂತರ ಹುಡುಗನೊಬ್ಬ, ತನ್ನನ್ನು ಯಾರೂ ಮಾತಾಡಿಸುವುದಿಲ್ಲವೆಂದು ಅಳುತ್ತಾನೆ. ಇನ್ನೇನು, ಬಿಟ್ಟು ಮುಂದೆ ಹೋಗೆನ್ನುತ್ತಾರೆಂದು ಕಾದೆ. ದೊಡ್ಡಮ್ಮ ಎದ್ದು, ಲೋಟ ತೆಗೆದುಕೊಂಡು, ಗೋಡೆ ಹಿಡಿದು ನಡೆದು ಚಿಕ್ಕಮ್ಮನ ಬಾಗಿಲಲ್ಲಿ ನಿಂತರು. ಮಾತು ಬಿಟ್ಟ ಮನೆಯಲ್ಲಿ ನಮ್ಮವರು ಹಾಲಿಗೆ ಹೆಪ್ಪು ಕೇಳುವುದಿಲ್ಲ. ಕೇಳಿದರೆ ಜಗಳ ಮುಗಿದಂತೆ. ನಮ್ಮ ಗಡಿಗೆಯ ತುಂಬ ಮೊಸರಿತ್ತು.

"ಒಸಿ ಎಪ್ಪಿದ್ರೆ ಕೊಡವ್ವ."

ಚಿಕ್ಕಮ್ಮ ಒಳಗೆ ಹೋಗಿ ಮೊಸರು ಹಾಕಿಕೊಂಡು ಬಂದರು. ಲೋಟ ಕೊಡದೆ, ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು:

"ಗೋಡೆಗೆ ಕಿವಿ ಕೊಟ್ಕಂಡು ಕೇಳ್ತಾ ಇದ್ದೆ ಕನಕ್ಕ. ಆ ಐದನ್ನ ಆಮೇಲೆ ಯಾರಾರ ಮಾತಾಡುಸುದ್ರಾ?"