ಸಂಪರ್ಕ ತಪ್ಪಿದಾಗ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಒಂದು ದಿನವೂ ವಿಮಾನ ಹಾರಿಸಿದವರಲ್ಲ. ಆದರೆ ಬೆಟಗೇರಿಯಲ್ಲಿ ಅವರ ಅಪ್ಪಣೆಯಿಲ್ಲದೆ ಒಂದು ಎಮ್ಮೆಯೂ ಓಣಿಗೆ ಇಳಿಯುವಂತಿಲ್ಲ! ವಿಮಾನ ನಿಲ್ದಾಣದ ಗೋಪುರದಲ್ಲಿ ಕೂತು ಪೈಲಟ್‌ಗಳಿಗೆ ದಾರಿ ಹೇಳುವ ನೌಕರಿ ಮಾಡಿದವರು. ನಿವೃತ್ತರಾದರು, ದಾರಿ ಹೇಳುವುದನ್ನು ಮಾತ್ರ ಬಿಡಲಿಲ್ಲ.

ಅವರಿಗೆ ಬಲು ಪ್ರೀತಿಯ ನಿಯಮವೊಂದಿದೆ. ವಿಮಾನದ ರೇಡಿಯೋ ಕೆಟ್ಟು ಮಾತು ನಿಂತರೆ ಕೆಳಗಿದ್ದವರು ಗಾಬರಿಯಾಗಬಾರದು. ಪೈಲಟ್ ಮೊದಲೇ ಗೊತ್ತುಮಾಡಿದ ದಾರಿಯಲ್ಲಿ ಬಂದೇ ಬರುತ್ತಾನೆಂದು ನಂಬಿ ದಾರಿ ಖಾಲಿ ಇಡಬೇಕು. ಉತ್ತರ ಬಾರದಿದ್ದರೂ ಹೇಳುವುದನ್ನು ಹೇಳುತ್ತಲೇ ಇರಬೇಕು. ಪಾಪ, ಅವನಿಗೆ ಕೇಳಿಸುತ್ತಿರಬಹುದಲ್ಲ?

ಒಮ್ಮೆ ಶಿರಹಟ್ಟಿಗೆ ಹೋದ ದೊಡ್ಡಮ್ಮ ಫೋನ್ ಎತ್ತಲಿಲ್ಲ. ಸಂಜೆ ಬಸ್ಸಿಗೆ ಬರುತ್ತೇನೆಂದಿದ್ದರು. ಸರಿ, ದೊಡ್ಡಪ್ಪ ಓಣಿಗೆ ಇಳಿದರು. ಬೈಕುಗಳನ್ನು ಸರಿಸಿದರು, ಎಮ್ಮೆಯನ್ನು ಹಿಂದಕ್ಕೆ ಅಟ್ಟಿದರು, ಬಾಳೆಹಣ್ಣಿನ ತಳ್ಳುಗಾಡಿಯವನನ್ನು ಗುಡಿ ಸುತ್ತಲು ಹಚ್ಚಿದರು. ಅಷ್ಟರಲ್ಲಿ ಮನೆಯೊಳಗಿಂದ ದೊಡ್ಡಮ್ಮನ ದನಿ: "ನಾ ಹಿತ್ತಲ ಬಾಗಲಿಂದ ಬಂದು ರೊಟ್ಟಿ ಬಡದು ಆತು. ನೀವು ಯಾರ್ನ ಇಳಸಾಕತ್ತೀರಿ?"

ಲಕ್ಷ್ಮೇಶ್ವರದಲ್ಲಿ ನಡೆದ ನನ್ನ ಮದುವೆಯಲ್ಲಂತೂ ಮಂಟಪದ ಗೇಟಿಗೇ ನಿಂತುಬಿಟ್ಟರು. ಸರದಿ ತಪ್ಪಿ ಬಂತೆಂದು ಒಂದು ಗಾಡಿಯನ್ನು ತಡೆದರು. ಒಳಗಿದ್ದವನು ಯಾರು? ವರ! ಅಕ್ಷತೆಯ ಹೊತ್ತು ಮೀರುತ್ತಿದೆಯೆಂದು ಅಪ್ಪ ಓಡಿಬಂದು ಗೇಟು ತೆಗೆಸಿದರು, ಬೀಗರ ಮುಂದೆ ತಲೆ ತಗ್ಗಿಸಿದರು. ಆವತ್ತೇ ಅಣ್ಣನಾದ ದೊಡ್ಡಪ್ಪನ ಜೊತೆ ಮಾತು ಬಿಟ್ಟರು.

ಅಂದಿನಿಂದ ದೊಡ್ಡಪ್ಪ ದಿನಾ ಮುಂಜಾನೆ ಮುಂಡರಗಿಯಲ್ಲಿದ್ದ ಅಪ್ಪನಿಗೆ ಫೋನ್ ಮಾಡುತ್ತಿದ್ದರು. ಅಪ್ಪ ಎತ್ತಿ ಕಿವಿಗೆ ಹಿಡಿಯುತ್ತಿದ್ದರು, ತುಟಿ ಬಿಚ್ಚುತ್ತಿರಲಿಲ್ಲ. "ಬೆಟಗೇರಿ ಮ್ಯಾಲ ಮೋಡ ಇಲ್ಲ. ಗಾಳಿ ತಣ್ಣಗ ಐತಿ. ನಿಮ್ಮ ವೈನಿ ಕಡಬು ಮಾಡ್ಯಾಳ. ದಾರಿ ಖುಲ್ಲಾ ಐತಿ," ಎಂದು ಹೇಳಿ ದೊಡ್ಡಪ್ಪ ಇಡುತ್ತಿದ್ದರು.

ಬೆಟಗೇರಿಗೆ ಹೋದಾಗ ಕೇಳಿದೆ: "ದೊಡ್ಡಪ್ಪಾ, ಅಪ್ಪ ಮಾತಾಡಂಗಿಲ್ಲ. ಯಾಕ ಸುಮ್ನ ದಣೀತೀರಿ?"

"ಅವನ ಮೈಕ್ ಕೆಟ್ಟೈತಿ ಯವ್ವಾ. ಕಿವಿ ಚಲೋ ಅದಾವ," ಎಂದರು. ನಗು ಬಂತು.

ಮೊನ್ನೆ ನಾನು ತವರಿನಲ್ಲಿದ್ದಾಗ ಒಂದು ಮುಂಜಾನೆ ಫೋನ್ ಬರಲೇ ಇಲ್ಲ. ಅಪ್ಪ ಚಹಾ ಆರಲು ಬಿಟ್ಟು ಫೋನನ್ನೇ ನೋಡುತ್ತ ಕೂತರು. ನಾನು ಮಾಡಿದರೆ ಅಲ್ಲಿ ಯಾರೂ ಎತ್ತಲಿಲ್ಲ. ಅಪ್ಪ ಟೊಪ್ಪಿಗೆ ಹಾಕಿಕೊಂಡು, "ನಡಿ ಬೆಟಗೇರಿಗೆ, ಗದಗ ಬಸ್ ಹೊಂಡತೈತಿ," ಎಂದರು. ದಾರಿಯುದ್ದಕ್ಕೂ ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದರು.

ನಾವು ಮುಟ್ಟುವ ಹೊತ್ತಿಗೆ ದೊಡ್ಡಪ್ಪ ದವಾಖಾನೆಯಿಂದ ಬಂದು ಕಟ್ಟೆಯ ಮೇಲೆ ಕೂತಿದ್ದರು. ಹಲ್ಲು ಕೀಳಿಸಿಕೊಂಡು, ಬಾಯ್ತುಂಬ ಹತ್ತಿ ತುರುಕಿಸಿಕೊಂಡು! ಅಪ್ಪ ಎದುರಿಗೆ ಹೋಗಿ ನಿಂತರು.

"ಫೋನ್ ಯಾಕ ಮಾಡ್ಲಿಲ್ಲಣ್ಣಾ? ನನ್ನ ಜೀವ ಬಾಯಿಗೆ ಬಂದಿತ್ತು."

ದೊಡ್ಡಪ್ಪ ಊದಿದ ಕೆನ್ನೆ ತೋರಿಸಿದರು. ಏನೋ ಹೇಳಲು ಒದ್ದಾಡಿದರು, ಆಗಲಿಲ್ಲ. ಕಣ್ಣಿನಿಂದ ನೀರು ಬಳಬಳ ಇಳಿಯಿತು. ಅಪ್ಪ ಪಕ್ಕದಲ್ಲಿ ಕೂತು ಅವರ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ನೀ ಸುಮ್ನ ಕುಂಡ್ರಣ್ಣಾ. ಇವತ್ತ ನಾ ಮಾತಾಡ್ತೀನಿ."