ಭಾವನ ಜೊತೆ ಕಾಲೇಜು ನೋಡಲು ಹೋದದ್ದು

ನಮ್ಮ ಮನೆ ಮಂದಿ ಯಾವ ಕೆಲಸಕ್ಕೆ ಹೊರಟರೂ ಆ ಕೆಲಸವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮುಗಿಸಿಕೊಂಡು ಬರುತ್ತಾರೆ. ನನಗೆ ಇದು ಅಭ್ಯಾಸವಾಗಿಹೋಗಿದೆ. ಆದರೂ ಅಕ್ಕನ ಮಗಳಿಗೆ ಕಾಲೇಜು ಹುಡುಕಲು ಹೋದಾಗ ನಡೆದದ್ದು ನೆನಪಾದರೆ, ಪಾಂಡವಪುರದ ನನ್ನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು ಬೋರ್ಡಿನ ಕಡೆ ತಿರುಗಿ ನಕ್ಕುಬಿಡುತ್ತೇನೆ.

ಅಕ್ಕನನ್ನು ಕೊಟ್ಟಿರುವುದು ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿ ಪಕ್ಕದ ಒಂದು ಹಳ್ಳಿಗೆ. ಭಾವನಿಗೆ ಕಬ್ಬಿನ ಗದ್ದೆ, ನಾಲ್ಕು ಸೀಮೆಹಸು, ಒಬ್ಬಳೇ ಮಗಳು. ಹುಡುಗಿ ಸೆಕೆಂಡ್ ಪಿಯುಸಿ ಸೈನ್ಸು. ಓದಿನಲ್ಲಿ ಚುರುಕು, ಮಾತು ಕಮ್ಮಿ. ಮುಂದೇನು ಓದುತ್ತೀಯ ಎಂದು ಯಾರು ಕೇಳಿದರೂ "ನೋಡ್ತೀನಿ" ಅನ್ನುತ್ತಿದ್ದಳು. ಈಗ ಕಾಲೇಜುಗಳಲ್ಲಿ ಓಪನ್ ಡೇ ಅಂತ ಮಾಡುತ್ತಾರೆ, ಅರ್ಜಿ ಹಾಕುವ ಮೊದಲೇ ಒಳಗೆಲ್ಲ ಸುತ್ತಾಡಿ ನೋಡಿಕೊಂಡು ಬರಬಹುದು ಎಂದು ನಾನೇ ಹೇಳಿದೆ. ಭಾವ, "ಮಿಕ್ಕಿದ್ ದಿನ ಬೀಗ ಆಕಿರ್ತಾರಾ?" ಅಂದರು.

ಹಾಲು ಕರೆಯುವವರು ಯಾರೂ ಇಲ್ಲವೆಂದು ಅಕ್ಕ ಬರಲಿಲ್ಲ. ಅವಳ ಬದಲು ಭಾವನ ಅವ್ವ, ನಮಗೆಲ್ಲ ಅತ್ತೆಮ್ಮ, ಹೊರಟರು. ಮೊಮ್ಮಗಳು ಮಲಗುವ ಜಾಗವನ್ನು ತಾವು ಕಣ್ಣಾರೆ ನೋಡದೆ ಯಾರೂ ಯಾವುದಕ್ಕೂ ಸಹಿ ಹಾಕಕೂಡದು ಎಂದು ಅವರ ಕಟ್ಟಪ್ಪಣೆ.

ಉಪ್ಪಿಟ್ಟು, ಕೇಸರಿಬಾತು

ಮೊದಲು ಹೋದದ್ದು ಒಂದು ಇಂಜಿನಿಯರಿಂಗ್ ಕಾಲೇಜಿಗೆ. ಅಲ್ಲಿಯವರು ಪಾಪ, ಬಂದವರನ್ನೆಲ್ಲ ಒಂದು ಹಾಲ್‌ನಲ್ಲಿ ಕೂರಿಸಿ ತಟ್ಟೆಗೆ ಉಪ್ಪಿಟ್ಟು, ಕೇಸರಿಬಾತು ಹಾಕಿ ಕೊಟ್ಟರು. ತಪ್ಪಾದದ್ದು ಅಲ್ಲೇ. ಭಾವ ಬದುಕಿನಲ್ಲಿ ಈ ಎರಡನ್ನೂ ಒಂದೇ ತಟ್ಟೆಯಲ್ಲಿ ತಿಂದಿರುವುದು ಹೆಣ್ಣು ನೋಡಲು ಹೋದ ಮನೆಗಳಲ್ಲಿ ಮಾತ್ರ. ತಟ್ಟೆ ಕೈಗೆ ಬಂದದ್ದೇ ಬೆನ್ನು ನೆಟ್ಟಗೆ ಮಾಡಿ ಕೂತರು. ದನಿ ಗಂಭೀರವಾಯಿತು.

ವಿಭಾಗದ ಮುಖ್ಯಸ್ಥರು ಬಂದು ಮಾತಾಡಿಸಿದಾಗ, ಕಟ್ಟಡಕ್ಕೆ ಎಷ್ಟು ವಯಸ್ಸು ಎಂದು ಭಾವ ಕೇಳಿದರು. ಮೊದಲು ಯಾರಾದರೂ ನೋಡಿ ಒಪ್ಪಿಕೊಂಡು ಆಮೇಲೆ ಬಿಟ್ಟು ಹೋದದ್ದುಂಟೇ ಎಂದು ಕೇಳಿದರು. ಕೆಲವರು ಮೊದಲ ವರ್ಷವೇ ಬಿಡುತ್ತಾರೆ ಎಂದು ಅವರು ನಿಜ ಹೇಳಿದ್ದಕ್ಕೆ ಭಾವ ನನ್ನ ಕಡೆ ಅರ್ಥಗರ್ಭಿತವಾಗಿ ನೋಡಿದರು. ಅತ್ತೆಮ್ಮ ಅಷ್ಟರಲ್ಲಿ ಗೋಡೆಗೆ ಕಿವಿಯಿಟ್ಟು ಪಕ್ಕದ ಕೋಣೆಯಲ್ಲಿ ಜಗಳ ಏನಾದರೂ ನಡೀತಿದೆಯಾ ಎಂದು ಆಲಿಸುತ್ತಿದ್ದರು.

ಹೊರಡುವಾಗ ಮುಖ್ಯಸ್ಥರು ಕಾಲೇಜು ಹೇಗನ್ನಿಸಿತು ಎಂದು ಕೇಳಿದರು. ಭಾವ ಕೈ ಮುಗಿದು ಹೇಳಿದರು: "ಎಲ್ಲಾ ಒಪ್ಗೆನೇ ಸಾರ್. ಊರ್ಗೋಗಿ ಹಿರೀಕರನ್ನ ಕೇಳಿ ತಿಳಿಸ್ತೀವಿ. ಅಲ್ಲೀಗಂಟ ನೀವೂ ಬ್ಯಾರೆ ಕಡೆ ನೋಡ್ತಾ ಇರಿ."

ಯಾರೂ ನೋಡಲು ಬರದ ರೋಗಿ

ಎರಡನೆಯದು ನರ್ಸಿಂಗ್ ಕಾಲೇಜು. ಅಲ್ಲಿ ವಾರ್ಡಿನ ಹಾಗೇ ಒಂದು ಕೋಣೆ ಮಾಡಿ, ಮಂಚದ ಮೇಲೆ ಮನುಷ್ಯನ ಅಳತೆಯ ಗೊಂಬೆ ಮಲಗಿಸಿದ್ದರು. ವಿದ್ಯಾರ್ಥಿನಿಯರು ಒಬ್ಬರಾದ ಮೇಲೆ ಒಬ್ಬರು ಅದರ ತೋಳಿಗೆ ಸೂಜಿ ಹಾಕಿ ಬಂದವರಿಗೆ ತೋರಿಸುತ್ತಿದ್ದರು.

ಅತ್ತೆಮ್ಮನಿಗೆ ದೃಷ್ಟಿ ಮಂದ. ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಹೊದಿಕೆ ಎದೆಯವರೆಗೆ ಎಳೆದರು. ತಮ್ಮ ಚೀಲದಿಂದ ಒಂದು ಮೂಸಂಬಿ ತೆಗೆದು ತಲೆದಿಂಬಿನ ಪಕ್ಕ ಇಟ್ಟರು. ಯಾವ ಊರಿನವರು, ಎಷ್ಟು ದಿನವಾಯಿತು ಸೇರಿಸಿ ಎಂದು ವಿಚಾರಿಸಿದರು. ಉತ್ತರ ಬರದಿದ್ದಕ್ಕೆ, ಪಾಪ ನಾಲಿಗೆಯೂ ಬಿದ್ದುಹೋಗಿದೆ ಎಂದು ನನ್ನ ಕಿವಿಯಲ್ಲಿ ಹೇಳಿದರು. ನಾನು ಬಾಯಿ ತೆರೆಯುವುದರೊಳಗೆ ಐದನೆಯ ಹುಡುಗಿ ಸೂಜಿ ಹಿಡಿದು ಬಂದಳು. ಅತ್ತೆಮ್ಮ ಕೈ ಅಡ್ಡ ಹಿಡಿದರು.

ಆ ಹುಡುಗಿ ಬಹಳ ಮರ್ಯಾದೆಯಿಂದ, ಅಜ್ಜಿ ಇದು ಗೊಂಬೆ, ಜೀವ ಇಲ್ಲ ಎಂದು ತಿಳಿಸಿ ಹೇಳಿದಳು. ಅತ್ತೆಮ್ಮ ಬಗ್ಗಿ ನೋಡಿದರು, ಕೆನ್ನೆ ಮುಟ್ಟಿದರು, ನಂಬಿದರು. ಕೈ ಮಾತ್ರ ತೆಗೆಯಲಿಲ್ಲ.

"ಅದ್ಕೆ ಜೀವ ಇಲ್ಲ, ಸರಿ ಕನವ್ವ," ಅಂದರು. "ಚುಚ್ಚೋರ್ಗೆ ಅದೆಯಲ್ಲ?"

ಯಾವೂರು ಮಗ?

ಮೂರನೆಯ ಕಾಲೇಜಿನಲ್ಲಿ, ಅದೇನು ಕಾಲೇಜು ಎಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ, ಬಾಗಿಲಲ್ಲೇ ಇಬ್ಬರು ವಿದ್ಯಾರ್ಥಿಗಳನ್ನು ಕೂರಿಸಿ 'ನಿಮ್ಮ ಪ್ರಶ್ನೆಗಳನ್ನು ಕೇಳಿ' ಎಂದು ಬೋರ್ಡು ಹಾಕಿದ್ದರು. ಭಾವ ಕೇಳಿದರು. ಯಾವೂರು ಮಗ ಎಂದು ಶುರುವಾಯಿತು. ಒಬ್ಬ ನಾಗಮಂಗಲದ ಕಡೆಯವನು, ಇನ್ನೊಬ್ಬ ತೊಣ್ಣೂರಿನವನು. ತೊಣ್ಣೂರಿನವನ ದೊಡ್ಡಪ್ಪನ ಹೆಂಡತಿ ಹೊಸಹೊಳಲಿನವಳು ಎಂದು ಹೊರಬಿತ್ತು. ಅಲ್ಲಿಂದ ಬಾವಿಗೆ ಹಗ್ಗ ಬಿಟ್ಟ ಹಾಗೆ ಇಳಿಯುತ್ತಾ ಹೋಗಿ, ಮುಕ್ಕಾಲು ಗಂಟೆಯಲ್ಲಿ ಆ ಹುಡುಗ ಭಾವನಿಗೆ ವರಸೆಯಲ್ಲಿ ಚಿಕ್ಕಪ್ಪನಾಗಬೇಕು ಎಂದು ಸಾಬೀತಾಯಿತು. ಹತ್ತೊಂಬತ್ತು ವರ್ಷದ ಚಿಕ್ಕಪ್ಪ ಎದ್ದು ನಿಂತು ನಮಗೆಲ್ಲ ಕಾಫಿ ತರಿಸಿದ. ಕಾಫಿ ಮುಗಿಯುವ ಹೊತ್ತಿಗೆ ಸಂಜೆಯಾಗಿ ಬಾಗಿಲು ಹಾಕಿದರು.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಿಂದ ಹುಡುಗಿ ಮೆಲ್ಲಗೆ ಕೇಳಿದಳು: "ಚಿಕ್ಕಮ್ಮ, ನಾವ್ ಕಾಲೇಜ್ ಯಾವಾಗ ನೋಡೋದು?"

ಸ್ವಾಗತ

ನಾಲ್ಕನೆಯದು ಕೃಷಿ ಕಾಲೇಜು. ಹುಡುಗಿ ತಾನಾಗಿ ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. ಭಾವನಿಗೆ ಸುತರಾಂ ಇಷ್ಟವಿರಲಿಲ್ಲ. ಗದ್ದೆ ಕೆಲಸ ಕಲಿಯಲು ಕಾಲೇಜು ಬೇಕಾ, ಬೆಳಿಗ್ಗೆ ಐದಕ್ಕೆ ಎದ್ದರೆ ಮನೆಯಲ್ಲೇ ಕಲಿಸುತ್ತೇನೆ ಎಂದು ದಾರಿಯುದ್ದಕ್ಕೂ ಗೊಣಗಿದರು. ಹುಡುಗಿ ಕಿಟಕಿಯಾಚೆ ನೋಡುತ್ತಾ ತುಟಿ ಕಚ್ಚಿಕೊಂಡಿದ್ದಳು. ಅರ್ಜಿ ಹಾಕಲು ಇನ್ನು ಕೆಲವೇ ದಿನ ಉಳಿದಿತ್ತು.

ಅವತ್ತು ಆ ಕಾಲೇಜಿನವರು ಓಪನ್ ಡೇ ಉದ್ಘಾಟನೆಗೆ ಒಬ್ಬ ಪ್ರಗತಿಪರ ರೈತರನ್ನು ಕರೆದಿದ್ದರು. ಅದು ನಮಗೆ ಗೊತ್ತಿರಲಿಲ್ಲ. ಬಿಳಿ ಪಂಚೆ, ಬಿಳಿ ಷರಟು, ಹೆಗಲ ಮೇಲೆ ಟವೆಲು ಹಾಕಿಕೊಂಡು ಭಾವ ಕಾರಿನಿಂದ ಇಳಿದರು. ನಾನು ಇನ್ನೊಂದು ಕಡೆ ಅತ್ತೆಮ್ಮನನ್ನು ಇಳಿಸಿ ತಿರುಗಿ ನೋಡುವಷ್ಟರಲ್ಲಿ ಭಾವನ ಕೊರಳಲ್ಲಿ ಹಾರ ಬಿದ್ದಿತ್ತು. ಇಬ್ಬರು ಪ್ರಾಧ್ಯಾಪಕರು ಅವರನ್ನು ವೇದಿಕೆಗೆ ಕರೆದುಕೊಂಡು ಹೋಗುತ್ತಿದ್ದರು. ಬರುವ ತಂದೆತಾಯಿಗೆಲ್ಲ ಇಲ್ಲಿ ಹೀಗೇ ಮಾಡುತ್ತಾರೆ ಎಂದು ಭಾವ ತಿಳಿದರು. ನಾನು ಓಡಿಹೋಗಿ ಒಬ್ಬ ಸ್ವಯಂಸೇವಕನಿಗೆ, ಅವರು ಅತಿಥಿಯಲ್ಲ, ನಮ್ಮ ಭಾವ ಎಂದು ಹೇಳಿದೆ. ಅವನು ಆಗಲಿ ಮೇಡಂ ಎಂದು ಹೋಗಿ ನನಗೂ ಒಂದು ಗುಲಾಬಿ ತಂದುಕೊಟ್ಟ.

ದೀಪ ಬೆಳಗಿಸಿದ್ದಾಯಿತು, ಶಾಲು ಹೊದಿಸಿದ್ದಾಯಿತು. ಎರಡು ಮಾತು ಆಡಿ ಎಂದು ಮೈಕು ಕೊಟ್ಟರು. ಭಾವ ಶಾಲು ಸರಿಮಾಡಿಕೊಂಡು ಮೈಕು ಕೈಯಲ್ಲಿ ಹಿಡಿದರು. ಆಮೇಲೆ ಹೇಳಿದರು:

"ನಮ್ ಗದ್ದೆ ಒಂದ್ ಮೂಲೇಲಿ ಬೆಳ್ಳಗೆ ಉಪ್ಪು ಏಳ್ತದೆ. ಅಲ್ಲಿ ಏನ್ ಆಕಿದ್ರೂ ಬರಾಕಿಲ್ಲ. ಯಾಕಪ್ಪ ಇಂಗೆ ಅಂತ ನನ್ ಮಗಳು ಸಣ್ಣೋಳಾಗಿದ್ದಾಗಿಂದ ಕೇಳ್ತಾವ್ಳೆ. ನಂಗೂ ಗೊತ್ತಿಲ್ಲ, ಅದ್ಕೆ ಸುಮ್ನಿರು ಅಂತಿದ್ದೆ. ಇನ್ಮೇಲೆ ನಿಮ್ಮನ್ನ ಕೇಳ್ತಾಳೆ. ಏಳ್ಕೊಡಿ."

ಇಡೀ ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ನಿಂತಿದ್ದ ಹುಡುಗಿ ಅಳುತ್ತಿದ್ದಳೋ ನಗುತ್ತಿದ್ದಳೋ, ದುಪ್ಪಟ್ಟಾ ಮುಖಕ್ಕೆ ಒತ್ತಿಕೊಂಡಿದ್ದರಿಂದ ನನಗೆ ಕಾಣಲಿಲ್ಲ.

ಸರಿಯಾಗಿ ಆಗಲೇ ನಿಜವಾದ ಅತಿಥಿ ಬಂದರು. ಬಸ್ಸು ತಡವಾಗಿತ್ತಂತೆ. ಅವರದೂ ಬಿಳಿ ಪಂಚೆ, ಬಿಳಿ ಷರಟು. ಬಾಗಿಲಲ್ಲಿ ನಿಂತು ವೇದಿಕೆ ನೋಡಿದರು. ಪ್ರಿನ್ಸಿಪಾಲರು ಅವರನ್ನು ನೋಡಿದರು, ಕೈಯಲ್ಲಿದ್ದ ಆಹ್ವಾನ ಪತ್ರಿಕೆ ನೋಡಿದರು, ಭಾವನನ್ನು ನೋಡಿದರು. ಮೈಕು ಭಾವನ ಕೈಯಲ್ಲೇ ಇತ್ತು.

"ಬನ್ನಿ ಯಜಮಾನ್ರೆ, ನಾಚ್ಕೋಬ್ಯಾಡಿ," ಎಂದು ಕರೆದರು. "ನಿಮ್ಗೂ ಆಕ್ತಾರೆ."

ಆ ಮನುಷ್ಯ ದೊಡ್ಡವರು. ಹೊಟ್ಟೆ ಹಿಡಿದುಕೊಂಡು ನಗುತ್ತಾ ಬಂದು ಪಕ್ಕದ ಕುರ್ಚಿಯಲ್ಲೇ ಕೂತರು. ಅವರಿಗೂ ಹಾರ ಹಾಕಿದರು. ನಿಜ ಸಂಗತಿ ಏನೆಂದು ಭಾವನಿಗೆ ಅವತ್ತೂ ಯಾರೂ ಹೇಳಲಿಲ್ಲ, ನಾವೂ ಇದುವರೆಗೆ ಹೇಳಿಲ್ಲ.

ಹುಡುಗಿ ಈಗ ಅದೇ ಕಾಲೇಜಿನಲ್ಲಿ ಎರಡನೇ ವರ್ಷ. ಗದ್ದೆಯ ಮಣ್ಣನ್ನು ಪೊಟ್ಟಣ ಕಟ್ಟಿಕೊಂಡು ಹೋಗಿ ಪರೀಕ್ಷೆ ಮಾಡಿಸುತ್ತಾಳೆ. ಭಾವ ಮಾತ್ರ ಕೆ.ಆರ್. ಪೇಟೆ ಸಂತೆಯಲ್ಲಿ, ಡೈರಿಯಲ್ಲಿ, ಪಿಯುಸಿ ಓದುವ ಮಕ್ಕಳಿರುವವರು ಯಾರು ಸಿಕ್ಕರೂ ಆ ಕಾಲೇಜಿಗೇ ಹೋಗಿ, ತಂದೆತಾಯಿಗೆ ಅಲ್ಲಿ ಕೊಡೋ ಮರ್ಯಾದೆ ಬೇರೆ ಕಡೆ ಇಲ್ಲ ಎಂದು ಹೇಳಿ ಕಳಿಸುತ್ತಿದ್ದಾರೆ.

ಈ ಸಲದ ಓಪನ್ ಡೇ ದಿನ ಹುಡುಗಿ ಅಲ್ಲಿಂದ ಫೋನ್ ಮಾಡಿದಳು. ನಗು ತಡೆಯಲಾರದೆ ಮಾತೇ ಹೊರಡುತ್ತಿರಲಿಲ್ಲ. ನಮ್ಮೂರ ಕಡೆಯಿಂದ ಏಳು ಜನ ಬಿಳಿ ಪಂಚೆ, ಬಿಳಿ ಷರಟಿನಲ್ಲಿ ಬಂದು, ಒಳಗೆ ಬನ್ನಿ ಎಂದು ಎಷ್ಟು ಕರೆದರೂ ಬಾರದೆ, ಗೇಟಿನ ಹತ್ತಿರ ಸಾಲಾಗಿ, ಕತ್ತನ್ನು ಸ್ವಲ್ಪ ಮುಂದಕ್ಕೆ ಬಗ್ಗಿಸಿಕೊಂಡು ನಿಂತಿದ್ದರಂತೆ.