ಸಾಯದ ಲೆಸಾವಾ, ಸತ್ತ ಪೆತೆಲೊ

ಖಾತೆಗಳ ಬಾಗಿಲು ಕಾಯುವ ಮಾನ್ಯ ಯಂತ್ರ ಮಹಾಶಯರೇ,

ಸಮೋವಾದ ಸವಾಯಿ ದ್ವೀಪದಿಂದ ಸಿನಿರಾ ಮಾಡುವ ನಮಸ್ಕಾರಗಳು. ತಾವೂ ತಮ್ಮ ತಂತಿಗಳೂ ತಮ್ಮನ್ನು ಹೆತ್ತ ಕಂಪನಿಯೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನನ್ನ ಗಂಡ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಕ್ಷೇಮ.

ಅವರ ಫೋನಿನ ಖಾತೆಯಲ್ಲಿ ಒಂದು ಧ್ವನಿಮುದ್ರಣವಿದೆ. ಸಂಜೆಯ ಪ್ರಾರ್ಥನೆ ಹೇಳಿಕೊಡುತ್ತಿದ್ದವರು ನಡುವೆ ನಿಲ್ಲಿಸಿ, ಅಡುಗೆಮನೆಗೆ ನುಗ್ಗಿದ ಹಂದಿಗೆ "ಏಯ್, ದೇವರು ನಿನ್ನ ಕ್ಷಮಿಸ್ತಾನೆ, ನಾನು ಕ್ಷಮಿಸಲ್ಲ" ಎಂದು ಗದರಿ, ಅದೇ ಉಸಿರಿನಲ್ಲಿ ಆಮೆನ್ ಎಂದಿದ್ದಾರೆ. ಅವರ ದನಿ ಎಂದು ನಮಗೆ ಉಳಿದಿರುವುದು ಅದೊಂದೇ. ಯಾರೂ ಬಳಸದ ಖಾತೆಯನ್ನು ತಿಂಗಳ ಕೊನೆಗೆ ಅಳಿಸಿಹಾಕುವುದಾಗಿ ತಾವು ದಯಮಾಡಿ ತಿಳಿಸಿದ್ದೀರಿ.

ತೆರೆಯಲು ಹೋದಾಗ ತಾವು "ಲೆಸಾವಾ ನಿಧನರಾಗಿದ್ದಾರೆಯೇ?" ಎಂದು ಕೇಳಿದಿರಿ. ಮಾನ್ಯರೇ, ಲೆಸಾವಾ ಎನ್ನುವುದು ನಮ್ಮ ಮನೆತನದ ಹಿರಿಯನ ಪಟ್ಟದ ಹೆಸರು. ಒಬ್ಬರು ಹೋದರೆ ಇನ್ನೊಬ್ಬರು ಅದನ್ನು ಹೊರುತ್ತಾರೆ. ಪೆತೆಲೊ ಎಂಬ ನನ್ನ ಗಂಡ ಪಟ್ಟಕ್ಕೆ ಬಂದ ಮೇಲೆ ಅವರನ್ನು ಎಲ್ಲರೂ ಲೆಸಾವಾ ಎಂದೇ ಕರೆದರು, ನಾನೂ ಸಿಟ್ಟು ಬಂದಾಗ ಮಾತ್ರ ಪೆತೆಲೊ ಎನ್ನುತ್ತಿದ್ದೆ, ಖಾತೆಯೂ ಆ ಹೆಸರಿನಲ್ಲೇ ಇದೆ. ಅವರನ್ನು ಮಣ್ಣು ಮಾಡಿದ ಮೇಲೆ ಮನೆಯವರೆಲ್ಲ ಸಭೆ ಸೇರಿ, ಪಟ್ಟದ ಶಾಸ್ತ್ರಕ್ಕೆಂದು ಬೇರು ಅರೆದು ಮಾಡುವ ಕಾವಾ ಕುಡಿದು, ಅವರ ತಮ್ಮನ ಮಗ ಮಲಾಕಿಗೆ ಪಟ್ಟ ಕೊಟ್ಟರು. ಸುಳ್ಳು ಹೇಳಬಾರದೆಂದು ಶಾಲೆಯಲ್ಲಿ ಕಲಿತವಳಾದ್ದರಿಂದ ನಾನು "ಇಲ್ಲ" ಎಂದು ಒತ್ತಿ, ಲೆಸಾವಾ ಈಗಷ್ಟೇ ಕೆಸುವಿನ ಗೆಡ್ಡೆ ತಿಂದು ಅಡ್ಡಾಗಿದ್ದಾನೆ ಎಂದೂ ಬರೆದೆ.

ತಾವು ಸಂತೋಷಪಟ್ಟು, ಹಾಗಾದರೆ ಮುಖ ತೋರಿಸಲಿ ಎಂದಿರಿ. ಮಲಾಕಿಯನ್ನು ಎಬ್ಬಿಸಿ, ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಚರ್ಚಿನ ಬಿಳಿ ಅಂಗಿ ತೊಡಿಸಿ ಫೋನಿನ ಮುಂದೆ ಕೂರಿಸಿದೆವು. "ಇದು ಲೆಸಾವಾ ಅವರ ಮುಖವಲ್ಲ" ಎಂದು ತಾವು ತೀರ್ಪು ಕೊಟ್ಟಿರಿ. ಪಟ್ಟ ತನ್ನ ಮಗನಿಗೇ ಬರಬೇಕೆಂದು ಹಟ ಹಿಡಿದಿದ್ದ ನನ್ನ ನಾದಿನಿ ತಾಲಾಗೆ ಹಬ್ಬವಾಯಿತು.

"ನೋಡ್ದೇನೋ ಮಲಾಕಿ? ನಾನು ಸಭೇಲಿ ಹೇಳಿದ್ದನ್ನೇ ಯಂತ್ರಾನೂ ಹೇಳ್ತಿದೆ."

"ಅತ್ತೆ, ಅದೇನು ನಮ್ಮ ಮನೆತನದ್ದಾ? ಅದಕ್ಕೆ ಸಭೇಲಿ ಬಾಯಿಲ್ಲ."

"ನಿಂಗಿಂತ ಬುದ್ಧಿ ಇದೆ. ಕಾವಾ ಕುಡಿಸಿ ಅದಕ್ಕೇ ಪಟ್ಟ ಕಟ್ಬೇಕಿತ್ತು."

ಗಂಡ ಸತ್ತ ಮೇಲೆ ನಾನು ಮೊದಲ ಸಲ ನಕ್ಕಿದ್ದು ಆಗಲೇ. ಅದಕ್ಕಾಗಿ ತಮಗೆ ಋಣಿ.

ತಿದ್ದಿಕೊಂಡು, ಸತ್ತವರು ಪೆತೆಲೊ ಎಂದು ಬರೆದೆ. ಪೆತೆಲೊ ಎಂಬವರೇ ನಮ್ಮಲ್ಲಿಲ್ಲ ಎಂದಿರಿ. ನಮ್ಮಲ್ಲೂ ಇಲ್ಲ, ಸ್ವಾಮಿ, ತೊಂದರೆಯೇ ಅದು. ಕೊನೆಗೆ ಯಾರೋ ಲೆಸಾವಾ ಅವರ ವೇಷ ಹಾಕುತ್ತಿದ್ದಾರೆಂದು ಬಾಗಿಲನ್ನು ಇನ್ನೂ ಭದ್ರಪಡಿಸಿದಿರಿ. ಇಂಥ ಕಾವಲುಗಾರ ನಮ್ಮ ಅಡುಗೆಮನೆಗೆ ಸಿಕ್ಕಿದ್ದರೆ ಹಂದಿಯ ಕಾಟವೇ ಇರುತ್ತಿರಲಿಲ್ಲ.

ಆದಕಾರಣ ತಾಲಾಳ ಸಲಹೆಯಂತೆ ತಮಗೊಂದು ಪಟ್ಟ ಕೊಡಲು ಸಿದ್ಧರಿದ್ದೇವೆ. ದೋಣಿ ಹತ್ತಿ ಬನ್ನಿ, ಕಾಲು ಮಡಚಿ ಚಾಪೆಯ ಮೇಲೆ ಕೂತು ಹಿರಿಯರ ಭಾಷಣ ಮುಗಿಯುವವರೆಗೆ ಆಕಳಿಸದೆ ಕೇಳಿ. ಮುಂದೊಂದು ದಿನ ತಾವು ಕೆಟ್ಟು ನಿಂತಾಗ ಆ ಹೆಸರನ್ನು ಹೊಸ ಯಂತ್ರಕ್ಕೆ ಕೊಡುತ್ತೇವೆ. ಹೆಸರು ಉಳಿದು ಮನುಷ್ಯ ಇಲ್ಲದಿರುವುದು ಹೇಗೆಂದು ಆಗ ತಮಗೂ ತಿಳಿಯುತ್ತದೆ. ಬರುವಾಗ ಆ ಧ್ವನಿಯನ್ನು ಮರೆಯದೆ ತನ್ನಿ.

ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿ,
ಸಿನಿರಾ
(ಹಿಂದಿನ ಲೆಸಾವಾ ಅವರ ಹೆಂಡತಿ)

ಮರೆತ ಮಾತು: ಹಂದಿ ಈಗ ಹೆದರಿಕೆಯಿಲ್ಲದೆ ದಿನವೂ ಒಳಗೆ ಬರುತ್ತಿದೆ. ಇಂದು ಬೆಳಿಗ್ಗೆ ಅದನ್ನು ಓಡಿಸುತ್ತಿರುವಾಗ ನನ್ನ ಫೋನಿಗೆ ತಮ್ಮದೊಂದು ಸಂದೇಶ ಬಂತು: "ನಿಮ್ಮ ಆಪ್ತರಾದ ಲೆಸಾವಾ ಈಚೆಗೆ ಮೌನವಾಗಿದ್ದಾರೆ. ಅವರನ್ನು ಮಾತನಾಡಿಸಿ." ನಾನು ಇಷ್ಟು ದಿನ ಕೇಳುತ್ತಿರುವುದು ಅದನ್ನೇ. ಬಾಗಿಲು ತೆಗೆಯಿರಿ.